1783ರ ಮೆಕ್ಸಿಕೊ 8 ರಿಯಾಲ್: ತೂಕ 24.31 ಗ್ರಾಂ, ನೀರಿನ ಪರೀಕ್ಷೆಯೂ ತಾಳೆಯಾಗುತ್ತಿಲ್ಲ

ಬೆಳ್ಳಿಬಿಲ್ಲೆ:
ಸ್ಪೇನಿನ ರಾಜ ಮೂರನೇ ಕಾರ್ಲೋಸ್ ಮುಖವಿರುವ 8 ರಿಯಾಲ್, ಸ್ಪೇನಿನ ಆಳ್ವಿಕೆಯ ಮೆಕ್ಸಿಕೊದ ಬೆಳ್ಳಿ ನಾಣ್ಯ. ಇಸವಿ 1783, ಎಮ್ ಅಕ್ಷರದ ಮೇಲೆ ಪುಟ್ಟ ಓ (ಮೆಕ್ಸಿಕೊ ಟಂಕಸಾಲೆಯ ಗುರುತು), ಬೆಳ್ಳಿಯ ಶುದ್ಧತೆ ನೋಡುವ ಪರೀಕ್ಷಕರ ಗುರುತು ಎಫ್ ಎಫ್. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇರಬೇಕಾದ ತೂಕ 27.07 ಗ್ರಾಂ, ಇರುವುದು 24.31. ದಾರ ಕಟ್ಟಿ, ತಕ್ಕಡಿ ಮೇಲಿಟ್ಟ ಲೋಟದ ನೀರಿಗೆ ಇಳಿಬಿಟ್ಟರೆ ತಕ್ಕಡಿ 2.52 ತೋರಿಸುತ್ತದೆ, ಅಂದರೆ ನಾಣ್ಯ ಸರಿಸಿದ ನೀರಿನ ತೂಕ. 24.31ನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 9.65. ಬೆಳ್ಳಿಗೆ ಕಡಿಮೆ, ತಾಮ್ರ-ನಿಕಲ್‌ಗೆ ಜಾಸ್ತಿ. ಮೈತುಂಬ ಸಣ್ಣ ಗುಳಿ, ಕಪ್ಪು ಪೊರೆ. ನಕಲಿ ಅಂತ ಬದಿಗಿಡಲೇ?

ಟಂಕಸಾಲೆ:
ಈಗಲೇ ಬೇಡ ಸರ್. ಆ 9.65ರಲ್ಲಿ ದಾರವೂ ಗಾಳಿಗುಳ್ಳೆಯೂ ಸೇರಿರುವ ಹಾಗಿದೆ. ಗುಳಿಬಿದ್ದ ನಾಣ್ಯದಲ್ಲಿ ಗಾಳಿ ಸುಲಭವಾಗಿ ಕೂರುತ್ತದೆ. ಬರೀ 0.1 ಮಿ.ಲೀ. ಗಾಳಿ ಸಿಕ್ಕಿಕೊಂಡರೂ ನಿಮ್ಮ ಲೆಕ್ಕದಲ್ಲಿ ಸಾಂದ್ರತೆ 0.4ರಷ್ಟು ಇಳಿದುಬಿಡುತ್ತದೆ.

ಹೀಗೆ ಮಾಡಿ. ದಪ್ಪ ಹತ್ತಿದಾರ ಬಿಟ್ಟು ಕೂದಲೆಳೆಯಂಥ ನೈಲಾನ್ ಎಳೆ ತೆಗೆದುಕೊಳ್ಳಿ, ಒಂದೇ ಸುತ್ತು ಹಾಕಿ. ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ. ನಾಣ್ಯವನ್ನು ಹತ್ತು ನಿಮಿಷ ಬೇರೆ ಲೋಟದ ನೀರಲ್ಲಿ ನೆನೆಸಿ, ಗುಳ್ಳೆಗಳನ್ನು ಮೆತ್ತನೆಯ ಕುಂಚದಿಂದ ತಟ್ಟಿ ಬಿಡಿಸಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕಾಗಲಿ ಗೋಡೆಗಾಗಲಿ ತಗಲಬಾರದು, ತಗಲಿದರೆ ಅಂಕಿ ಒಮ್ಮೆಲೇ ಜಿಗಿಯುತ್ತದೆ. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದೇ ಬೇಕು. ಮೂರು ಸಲ ಅಳೆದು ಹೇಳಿ.

1772ರಿಂದ ಈ ನಾಣ್ಯದಲ್ಲಿ ಬೆಳ್ಳಿಯ ಪಾಲು ಒಂದಕ್ಕೆ 0.903, 1786ರಲ್ಲಿ ಗುಟ್ಟಾಗಿ 0.896ಕ್ಕೆ ಇಳಿಸಿದರು. ಎರಡಕ್ಕೂ ಸಾಂದ್ರತೆ ಹೆಚ್ಚುಕಡಿಮೆ 10.3. ಒರೆಗಲ್ಲಿಗೆ ಮಾತ್ರ ದಯವಿಟ್ಟು ಉಜ್ಜಬೇಡಿ.

ಅಂಚುಗೆರೆ:
ಸಾಂದ್ರತೆ ಸರಿ ಬಂದರೂ ಅರ್ಧ ಕೆಲಸವೇ ಆದದ್ದು, ಬೆಳ್ಳಿಯಲ್ಲೇ ಎರಕ ಹೊಯ್ದ ನಕಲಿಗಳೂ ಇವೆ. ಅಂಚನ್ನು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿ. ವೃತ್ತ, ಆಯತ, ವೃತ್ತ, ಆಯತ ಎಂದು ಸಾಲು ಇರಬೇಕು. ಮುಖ ಅಚ್ಚೊತ್ತುವ ಮೊದಲೇ ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಈ ಗುರುತು ಹಾಕುತ್ತಿದ್ದರು. ಒಂದೊಂದು ಪಟ್ಟಿ ಅರ್ಧ ಸುತ್ತಿಗೆ. ಹಾಗಾಗಿ ಎದುರುಬದುರು ಎರಡು ಕಡೆ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. ಸುತ್ತಲೂ ಒಂದೇ ಸಮ, ಜೋಡಣೆಯ ಜಾಗವೇ ಇಲ್ಲ ಅಂದರೆ ಅನುಮಾನಿಸಿ. ಅಂಚಿನ ನಡುವೆ ಗೆರೆಯೊಂದು ಸುತ್ತು ಬಂದಿದ್ದರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಎರಕವೇ.

ಗುಳಿಗಳನ್ನೂ ನೋಡಿ. ಉಪ್ಪುನೀರು ತಿಂದದ್ದು ಯಾವಾಗಲೂ ಒಳಮುಖ, ಅಕ್ಷರದ ಮೈಯನ್ನೂ ಕೊರೆದಿರುತ್ತದೆ. ಎರಕದಲ್ಲಿ ಗುಳಿಯ ಜೊತೆಗೆ ಸಾಸಿವೆಗಿಂತ ಸಣ್ಣ ಉಬ್ಬುಗಳೂ ಇರುತ್ತವೆ, ಹೆಚ್ಚಾಗಿ ಅಕ್ಷರಗಳ ಸಂದಿಯಲ್ಲಿ.

ಬೆಳ್ಳಿಬಿಲ್ಲೆ:
ಮೂರು ಸಲವೂ 2.36, 2.37, 2.36. ಅಂದರೆ 10.3. ಅಂಚಿನಲ್ಲಿ ಒಂದು ಕಡೆ ವೃತ್ತದ ಹೊಟ್ಟೆಯೊಳಗೆ ಅರ್ಧ ಆಯತ ಹೊಕ್ಕಿದೆ. ಅದರ ನೇರ ಎದುರಿಗೆ ಎರಡು ಆಯತ ಒಂದಕ್ಕೊಂದು ಅಂಟಿಕೊಂಡಿವೆ. ಉಬ್ಬು ಎಲ್ಲೂ ಇಲ್ಲ. ಹಾಗಾದರೆ 2.76 ಗ್ರಾಂ ಎಲ್ಲಿ ಹೋಯಿತು? ಕಪ್ಪು ತೆಗೆಯಬಹುದೇ?

ಟಂಕಸಾಲೆ:
ಒಳ್ಳೆಯ ನಾಣ್ಯವೇ ಸರ್. ಬರೀ ಕೈ ಸವೆತದಿಂದ ನೂರಕ್ಕೆ ಹತ್ತು ಪಾಲು ಹೋಗಿದ್ದರೆ ರಾಜನ ತಲೆಗೂದಲಿನ ಗೆರೆಗಳು ಹೀಗೆ ಉಳಿಯುತ್ತಿರಲಿಲ್ಲ. ಇದನ್ನು ಸಮುದ್ರ ತಿಂದಿದೆ. 1784ರ ಜನವರಿಯಲ್ಲಿ ವೆರಾಕ್ರೂಸ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟು ಮುಳುಗಿದ ಎಲ್ ಕಸಡೋರ್ ಹಡಗು 1993ರಲ್ಲಿ ಸಿಕ್ಕಿತು. ಅದರಲ್ಲಿ 1783ರ ಮೆಕ್ಸಿಕೊ ನಾಣ್ಯಗಳು ರಾಶಿರಾಶಿ ಇದ್ದವು. ಆದರೆ ಪ್ರಮಾಣಪತ್ರ ಇಲ್ಲದೆ ನಿಮ್ಮದೂ ಅದೇ ಹಡಗಿನದು ಎಂದು ಯಾರೂ ಹೇಳಲಾರರು. ಆ ಹೆಸರಿಗೆಂದು ಹೆಚ್ಚು ದುಡ್ಡು ಕೊಡಬೇಡಿ, ಆ ಹೆಸರು ಹೇಳಿ ಮಾರಲೂಬೇಡಿ.

ಕಪ್ಪು ಮುಖ್ಯವಾಗಿ ಬೆಳ್ಳಿಯ ಸಲ್ಫೈಡ್, ಅದು ಬೆಳ್ಳಿಯೇ ಬದಲಾಗಿ ಆದದ್ದು. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಪೊರೆಯ ಜೊತೆ ಅಕ್ಷರವೂ ಹೋಗುತ್ತದೆ. ಅಲ್ಯೂಮಿನಿಯಂ ಹಾಳೆ, ಸೋಡಾ ಉಪಾಯವೂ ಇಂಥ ಮೈಗೆ ಸಲ್ಲ, ಕೆಳಗಿನ ಗುಳಿಯೆಲ್ಲ ಬಿಳಿಚಿಕೊಂಡು ಕಾಣುತ್ತದೆ. ಮಾಡಬೇಕಾದ್ದು ಉಪ್ಪು ತೆಗೆಯುವುದಷ್ಟೇ. ಬಟ್ಟಿ ಇಳಿಸಿದ ನೀರಲ್ಲಿ (ಬ್ಯಾಟರಿಗೆ ಹಾಕುವುದೇ) ಮುಳುಗಿಸಿಡಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಚೆಲ್ಲುವ ಮೊದಲು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅದ್ದಿ. ಸತತ ಎರಡು ಸಲ ಹೊಸ ನೀರಿನಷ್ಟೇ ಅಂಕಿ ಬಂದರೆ ಮುಗಿಯಿತು.

ಅಂಚುಗೆರೆ:
ಕೊನೆಗೆ ಐದು ನಿಮಿಷ ಶುದ್ಧ ಅಸಿಟೋನ್‌ನಲ್ಲಿ ಇಟ್ಟರೆ ಗುಳಿಯೊಳಗಿನ ನೀರು ಹೊರಬರುತ್ತದೆ. ಉಗುರುಬಣ್ಣ ಅಳಿಸುವ ದ್ರವ ಬೇಡ, ಅದರಲ್ಲಿ ಎಣ್ಣೆ ಇರುತ್ತದೆ. ಗಾಜಿನ ಬಟ್ಟಲು, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ. ಮೆತ್ತನೆಯ ಪಿವಿಸಿ ಚೀಲಕ್ಕೆ ಹಾಕಬೇಡಿ, ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ಒಣಗಿದ ಮೇಲೆ ಮತ್ತೆ ತೂಗಿ, ಗಾಳಿಯಲ್ಲಿನ ತೂಕ, ನೀರಿನಲ್ಲಿ ಬಂದ ಅಂಕಿ, ಅಂಚಿನ ಜೋಡಣೆ ಇರುವ ಜಾಗ, ಮೂರನ್ನೂ ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗೇ ಇಡಿ.