ಬಿಸಿನೀರಿನ ಸಲುವಾಗಿ ಭಾನುವಾರ ಮಾಲಕರ ಜೊತಿ ಮಾತು: ಎಲ್ಲಾ ಬಾಡಿಗಿ ಮನಿಯವರು ಓದ್ರಿ

ಮನಿ 302: ಎಲ್ಲರಿಗೂ ನಮಸ್ಕಾರ. ಮೋಡ ಹಾಕಿದಾಗಿನಿಂದ ಮುಂಜಾನಿ ಯಾರ ಬಚ್ಚಲಕ್ಕೂ ಸರಿಯಾಗಿ ಬಿಸಿನೀರು ಬರಂಗಿಲ್ಲ. 101ರ ಅಮ್ಮಾರು ಮೊಣಕಾಲು ನೋವಿನ್ಯಾಗ ಗ್ಯಾಸ್ ಮ್ಯಾಲ ನೀರು ಕಾಸಿ ಪಾತೇಲಿ ಹೊರಲತ್ತಾರ. ಮನಿ ತೋರಿಸುವಾಗ ಬಿಸಿನೀರಿನ ಚಿಂತಿ ಇಲ್ಲ, ಸೋಲಾರ್ ಅದ ಅಂದಿದ್ದು ನಮಗೆಲ್ಲ ನೆನಪದ. ಸೇಡಂ ರಸ್ತೆ ಕಡೆ ಈ ಬಾಡಿಗಿ ಕಡಿಮಿ ಏನಲ್ಲ. ಸುಮ್ಮನ ಕೂಡೂದು ಬ್ಯಾಡ.

ಮನಿ 104: ನಮ್ಮಲ್ಲಿ ಅರ್ಧ ಬಕೆಟ್ ತಣ್ಣೀರು ಹೋದ ಮ್ಯಾಲ ಉಗುರು ಬೆಚ್ಚಗ ಬರ್ತದ, ಹಿಂದೇ ಅದೂ ಖಲಾಸ್. ಮ್ಯಾಲಿನ ಮನಿಯವರು ಶವರ್ ಬಿಟ್ಟು ನಿಲ್ಲತಾರ, ತಳಗಿನವರಿಗಿ ಏನ್ ಉಳೀತದ ಹೇಳ್ರಿ.

ಮನಿ 301: ಅಕ್ಕಾರ, ನಾವೂ ನಿನ್ನಿ ತಣ್ಣೀರಾಗೇ ಸ್ನಾನ ಮಾಡೀವ್ರಿ. ಮ್ಯಾಲಿದ್ದರೂ ಟಾಕಿ ಒಳಗ ಬಿಸಿ ಇದ್ದರ ತಾನೇ ಬರೂದು.

ಮನಿ 302: ನಮ್ಮ ನಮ್ಮಾಗ ಜಗಳ ಬ್ಯಾಡ್ರಿ, ಕಾರಣ ಬ್ಯಾರೇನೇ ಅದ. ನಿನ್ನಿ ಸಂಜಿ ಪ್ಲಂಬರನ ಕರ್ಕೊಂಡು ಮಾಳಗಿ ಹತ್ತಿ ನೋಡಿ ಬಂದೆ. ಟಾಕಿ 500 ಲೀಟರಿಂದು. ಮನಿ 8. ಅಂದ್ರ ಒಂದು ಮನಿಗಿ 60 ಲೀಟರ್ ಚಿಲ್ಲರೆ. ನೀರು 60 ಡಿಗ್ರಿ ಇದ್ದರ ಅಷ್ಟೇ ತಣ್ಣೀರು ಬೆರೆಸಬಹುದು, 20 ಲೀಟರಿನ ಬಕೆಟ್ 6 ಆಗ್ತಾವ. ನಾಕು ಮಂದಿಗಿ ಸಾಕು. ಶವರ್ ಆದರ 5 ನಿಮಿಷಕ್ಕ 40 ಲೀಟರ್ ಮ್ಯಾಲೇ ಹೋಗ್ತದ, ಅದು ಖರೆ. ಆದರ ಈಗಿನ ತೊಂದರಿ ಅದಲ್ಲ.

ಮೋಡ ಇದ್ದಾಗ ನೀರು ಕಾಸಲಿಕ್ಕ ಟಾಕಿ ಒಳಗ 3 ಕಿಲೋವ್ಯಾಟಿನ ಕಾಯಿಲ್ ಇಟ್ಟಾರ. ಅದರ ಲೈನ್ ಹೋಗೂದು ಕಾಮನ್ ಮೀಟರಿಗಿ. ಪಾರ್ಕಿಂಗಿನ ಬೋರ್ಡ್ ತೆಗೆದು ನೋಡಿದರ ಆ ಲೈನಿನ ಸ್ವಿಚ್ (ಎಂಸಿಬಿ) ಕೆಳಗ ಮಾಡಿ, ಮ್ಯಾಲ ಕರಿ ಟೇಪ್ ಸುತ್ತ್ಯಾರ. ವಾಚ್‌ಮನ್ ಕಾಕಾ ಹೇಳಿದ್ರು, ಬಿಲ್ ಜಾಸ್ತಿ ಬಂತಂತ ಮಾಲಕರೇ ಬಂದ್ ಮಾಡಿಸ್ಯಾರ ಅಂತ.

ಇನ್ನೊಂದು. ಪ್ಲಂಬರ್ ಒಂದು ಜಾಯಿಂಟ್ ಬಿಚ್ಚಿದ. ಒಳಗಿಂದ ಬಿಳಿ ಸುಣ್ಣದ ಚಕ್ಕಿ ಅವನ ಅಂಗೈ ತುಂಬ ಬಿದ್ದವು. ಮುಕ್ಕಾಲು ಇಂಚಿನ ಪೈಪಿನ್ಯಾಗ ಪೆನ್ಸಿಲ್ ತೂರೂವಷ್ಟೇ ದಾರಿ ಉಳಿದದ. ಬೋರಿನ ನೀರು ನೇರ ಸೋಲಾರಿಗಿ ಬಿಟ್ಟರ ಹಿಂಗೇ ಆಗೂದು. ನೀರು ಕಾದಷ್ಟೂ ಸುಣ್ಣ ಜಾಸ್ತಿ ಕೂಡ್ತದ. ಫೋಟೋ ಹಾಕೀನಿ, ನೋಡ್ರಿ.

ಮನಿ 203: ಮಾಲಕರ ದಾರಿ ಯಾಕ ಕಾಯೂದು? ನಾನು ಗ್ಯಾಸ್ ಗೀಸರ್ ಹಾಕಿಸ್ತೀನಿ ಅಂತಿದ್ದೆ. ಅಗ್ಗ, ಕೂಡಲೇ ಕಾಯ್ತದ.

ಮನಿ 304: ತಮ್ಮಾ, ದಯವಿಟ್ಟು ಬಚ್ಚಲ ಒಳಗ ಹಾಕಬ್ಯಾಡ. ನಮ್ಮ ಬಚ್ಚಲಿಗಿ ಕಿಟಕಿ ಅಂದ್ರ ಒಂದು ಗೇಣಿಂದು. ಗ್ಯಾಸ್ ಉರಿಯೂ ಕಡೆ ಗಾಳಿ ಸಾಲದಿದ್ದರ ಕಾರ್ಬನ್ ಮೊನಾಕ್ಸೈಡ್ ಬರ್ತದ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಬಾಗಿಲ ಹಾಕ್ಕೊಂಡು ಸ್ನಾನಕ್ಕ ನಿಂತವರು ಅಲ್ಲೇ ಎಚ್ಚರ ತಪ್ಪಿ ಬೀಳ್ತಾರ, ಜೀವ ಹೋಗಿದ್ದೂ ಅದ. ಮನ್ಯಾಗ ಸಣ್ಣ ಕೂಸು ಅದ, ಇದೊಂದು ಮಾತು ಕೇಳು. ನೀರಿನ ರಾಡ್ ಬಳಸೂವರೂ ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತ ಮ್ಯಾಲೇ ಬಕೆಟಿಗಿ ಕೈ ಹಾಕ್ರಿ.

ಮನಿ 203: ಸರಿ ಅಣ್ಣಾರ, ಬಿಟ್ಟೆ.

ಮನಿ 202: ಮನಿಗೊಂದು ಕರೆಂಟ್ ಗೀಸರ್ ಹಾಕಿಸ್ಕೊಂಡರ? ಹೆಂಗೂ ಗೃಹಜ್ಯೋತಿ ಅದಲ್ಲ.

ಮನಿ 302: ವಿಚಾರ ಮಾಡಿ ಹಾಕ್ರಿ. ಗೃಹಜ್ಯೋತಿಯೊಳಗ ಹಳೇ ಸರಾಸರಿ ನೋಡಿ ಯೂನಿಟ್ ಗೊತ್ತು ಮಾಡ್ಯಾರ. ಅದರ ಮ್ಯಾಲಿಂದು ನಾವೇ ಕಟ್ಟಬೇಕು, ತಿಂಗಳಿಗಿ 200 ದಾಟಿದರ ಪೂರ್ತಿ ಬಿಲ್ ನಮ್ಮದೇ. 15 ಲೀಟರಿನ ಗೀಸರ್ ಒಮ್ಮೆ ಕಾಯಲಿಕ್ಕ ಸುಮಾರು ಮುಕ್ಕಾಲು ಯೂನಿಟ್ ತಿಂತದ. ದಿನಾ ನಾಕು ಸಲ ಅಂದ್ರ ತಿಂಗಳಿಗಿ 90. ಮ್ಯಾಲ ನಾಳಿ ಮನಿ ಬಿಟ್ಟು ಹೋಗುವಾಗ ಗೋಡಿ ತೂತಿನ ಲೆಕ್ಕ ಡಿಪಾಸಿಟ್ಟಿನ್ಯಾಗ ಮುರ್ಕೋತಾರ.

ಅದಕ್ಕಿಂತ ಕಾಯಿಲ್ ಚಾಲೂ ಮಾಡಿಸೋಣ. ಪೂರ್ತಿ ತಣ್ಣಗಿನ ಟಾಕಿ ಕಾಯಲಿಕ್ಕ 20 ಯೂನಿಟ್, 7 ತಾಸು ಬೇಕು. ಮುಂಜಾನಿ 5ಕ್ಕ ಸ್ವಿಚ್ ಹಾಕಿದರ ಏನೂ ಆಗಂಗಿಲ್ಲ. ಟೈಮರ್ ಕೂಡಿಸಿ ರಾತ್ರಿ 10ಕ್ಕ ಚಾಲೂ ಆಗಬೇಕು. ಬಿಸಿಲು ಬಿದ್ದ ದಿನ ಥರ್ಮೋಸ್ಟಾಟ್ ತಾನೇ ಬಂದ್ ಮಾಡ್ತದ. 20 ಯೂನಿಟ್ 8 ಮನಿಗಿ ಹಂಚಿದರ ಎರಡೂವರಿ. ಇದಕ್ಕೊಂದು ಸಬ್ ಮೀಟರ್ ಹಾಕಲಿ, ಓಡಿದಷ್ಟು ರೊಕ್ಕ ನಾವು ಕೊಡ್ತೀವಿ. ಸುಣ್ಣ ತೆಗೆಸೂದು, ಪೈಪ್ ಬದಲಿ ಮಾಡೂದು ಮಾಲಕರ ಖರ್ಚು. ಅದರಾಗ ನಾವು ಬಗ್ಗಬಾರದು.

ಮನಿ 104: ಒಪ್ಪಿಗಿ ಅದರಿ. ಆದರ ಬರದು ತಗೋರಿ. ನಮ್ಮ 11 ತಿಂಗಳ ಕರಾರು ಬರೂ ತಿಂಗಳು ಮುಗೀತದ, ಹೊಸದರಾಗ ಬಿಸಿನೀರಿನ ಮಾತು ಸೇರಿಸದೇ ನಾ ಸಹಿ ಮಾಡಂಗಿಲ್ಲ.

ಮನಿ 304: ಸುಣ್ಣ ತೆಗೀಲಿಕ್ಕ ಕಡಕ್ ಆಸಿಡ್ ಹಾಕಗೊಡಬ್ಯಾಡ್ರಿ, ಟಾಕಿ ತೂತು ಬೀಳ್ತದ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಸಾಕು. ಕೆಲಸ ನಸುಕಿನ್ಯಾಗೇ ಮುಗೀಬೇಕು. ಬಿಸಿಲಿಗಿ ಕಾದ ಸೋಲಾರಿನ ಖಾಲಿ ಗಾಜಿನ ಕೊಳವಿಗಿ ತಣ್ಣೀರು ಬಿಟ್ಟರ ಒಡೀತಾವ.

ಮನಿ 101: ಎಲ್ಲಾರೂ ನಮ್ಮನಿಗೇ ಬರ್ರಿ ಭಾನುವಾರ 10ಕ್ಕ. ಮಾಲಕರಿಗಿ ನಾ ಫೋನ್ ಮಾಡ್ತೀನಿ, ನನ್ನ ಮಾತಿಗಿ ಬರ್ತಾರ.

ಮನಿ 302: ಆಗ್ಲಿ ಅಮ್ಮಾರ. 201ರವರು ಇನ್ನ ಏನೂ ಹೇಳಿಲ್ಲ, ಇವತ್ತು ರಾತ್ರಿಯೊಳಗ ತಿಳಿಸ್ರಿ. ಅರ್ಜಿ ನಾ ಬರೀತೀನಿ, 8 ಮನಿ ಸಹಿನೂ ಬೇಕು.