ಪದಚರ್ಚೆ: ‘ಡ್ರೈ’ ವೈನ್ ಅಂದರೆ ಒಣ ವೈನೇ?

ಪ್ರಶ್ನೆ (ಕಲಬುರಗಿ):
ದಿನದ ಊಟದ ಜೊತೆಗೆ ಕಡಿಮೆ ಬೆಲೆಯ ವೈನ್ ಆರಿಸುವವರಿಗಾಗಿ ಎರಡು ಪುಟದ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ಡ್ರೈ ರೆಡ್’ಗೆ ‘ಒಣ ಕೆಂಪು ದ್ರಾಕ್ಷಾರಸ’ ಎಂದಿದೆ. ‘ಟ್ಯಾನಿನ್’, ಕೆಂಪು ವೈನನ್ನು ಕುಡಿಯಬೇಕೆನ್ನುವ ‘ರೂಮ್ ಟೆಂಪರೇಚರ್’, ಇವಕ್ಕೂ ಪದ ಬೇಕು. ನಮ್ಮ ಕಡೆಯವರಿಗೆ ಥಟ್ಟನೆ ತಿಳಿಯುವಂಥದ್ದು ಏನನ್ನಬಹುದ್ರಿ?

ಉತ್ತರ (ಬೀದರ್):
‘ಒಣ’ ಬ್ಯಾಡ್ರಿ. ದ್ರಾಕ್ಷಿಗೆ ‘ಒಣ’ ಹಚ್ಚಿದ ಕೂಡಲೇ ವಿಜಯಪುರದ ಮಣೂಕ ಕಣ್ಣಮುಂದೆ ಬರುತ್ತದೆ. ಒಣಗಿಸಿದ ದ್ರಾಕ್ಷಿಯಿಂದಲೇ ಇಟಲಿಯಲ್ಲಿ ಮಾಡುವ ‘ಪಾಸ್ಸಿತೊ’ ಇದೆ, ಅದು ಹೆಚ್ಚಾಗಿ ಸಿಹಿ. ಅರ್ಥ ಪೂರಾ ತಲೆಕೆಳಗು.

ಡ್ರೈ ಅಂದರೆ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ತಿಂದು ಮುಗಿಸಿದೆ ಎಂದಷ್ಟೇ. ಯುರೋಪಿನ ನಿಯಮದಲ್ಲಿ ಉಳಿದ ಸಕ್ಕರೆ ಲೀಟರಿಗೆ 4 ಗ್ರಾಂವರೆಗೆ, ಹುಳಿ ಸಾಕಷ್ಟಿದ್ದರೆ 9ರವರೆಗೆ ಇರಬಹುದು. ‘ಸಿಹಿಯಿಲ್ಲದ’ ಎಂದರೆ ಸಾಕು, ‘ಆಫ್-ಡ್ರೈ’ಗೆ ‘ನಸುಸಿಹಿ’. ‘ಸಪ್ಪ’ ಕೂಡದು. ಅದು ಉಪ್ಪು-ಖಾರ ಮರೆತ ಪಲ್ಯದ ಮಾತು, ದುಡ್ಡು ಕೊಟ್ಟು ಯಾರು ಒಯ್ಯುತ್ತಾರೆ?

ಟ್ಯಾನಿನ್ನಿಗೆ ಹೊಸ ಪದ ಹುಡುಕುವುದೇ ತಪ್ಪು, ‘ಒಗರು’ ಮನೆಯಲ್ಲೇ ಇದೆ. ಕೆಂಪು ವೈನ್ ಸಿಪ್ಪೆ-ಬೀಜದ ಜೊತೆ ಹುದುಗುವುದರಿಂದ ಒಗರು ಇಳಿಯುತ್ತದೆ. ಬಿಳಿಯದಕ್ಕೆ ರಸ ಮೊದಲೇ ಹಿಂಡಿ ಬೇರೆ ಮಾಡುತ್ತಾರೆ, ಅದರಲ್ಲಿ ಒಗರು ತೀರಾ ಕಡಿಮೆ. ಬಾಯಿ ಒಣಗಿದಂತಾಗುವುದು ಈ ಒಗರಿನಿಂದ. ಅದನ್ನೇ ಜನ ‘ಡ್ರೈ’ ಎಂದು ತಿಳಿಯುತ್ತಾರೆ. ನೇರಳೆಹಣ್ಣು ನೆನಪಿಸಿಕೊಳ್ಳಿ: ಸಿಹಿಯೂ ಹೌದು, ನಾಲಗೆ ಒರಟಾಗುವಷ್ಟು ಒಗರೂ ಹೌದು. ಎರಡೂ ಬೇರೆಬೇರೆ ಅಳತೆ. ‘ಕಹಿ’ ಎಂದೂ ಬರೆಯಬೇಡಿ. ಕಹಿ ರುಚಿ, ಒಗರು ಮುಟ್ಟಿದ ಅನುಭವ.

ಈ ಪದ ಸರಿಯಿದ್ದರೆ ಬಾಟಲಿಯೂ ಸರಿಯಾಗುತ್ತದೆ. ಶೇಂಗಾ ಹಿಂಡಿ, ಕೆಂಪು ಖಾರದ ಜೊತೆ ಒಗರು ಜಾಸ್ತಿಯಿರುವ ಶಿರಾಜ್ ಎಂಬ ಕೆಂಪು ವೈನ್ ಕುಡಿದರೆ ಖಾರ ಇನ್ನಷ್ಟು ಉರಿಯುತ್ತದೆ. ಅಲ್ಲಿಗೆ ತಣ್ಣನೆಯ ನಸುಸಿಹಿ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಸರಿ. ಪುಂಡಿ ಪಲ್ಯದ ಹುಳಿಗೆ ಅಷ್ಟೇ ಹುಳಿಯ ಸೊವಿನ್ಯೋಂ ಬ್ಲಾಂಕ್ ಎಂಬ ಇನ್ನೊಂದು ಬಿಳಿ ವೈನ್ ಬೇಕು, ಹುಳಿ ಕಡಿಮೆಯಾದರೆ ವೈನ್ ನೀರು-ನೀರು ಅನಿಸುತ್ತದೆ. ‘ಪೋರ್ಟ್’ ಎಂಬ ಪದಕ್ಕೂ ಒಂದು ಟಿಪ್ಪಣಿ ಹಾಕಿ: ಅಸಲಿ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು, ದ್ರಾಕ್ಷಿಯ ಸ್ಪಿರಿಟ್ ಬೆರೆಸಿ 20% ಆಸುಪಾಸು ಆಲ್ಕೋಹಾಲ್ ಇರುತ್ತದೆ. ನಮ್ಮ ಅಂಗಡಿಯಲ್ಲಿ ಆ ಹೆಸರಿನ ಅಗ್ಗದ ಬಾಟಲಿ ಸಾಮಾನ್ಯವಾಗಿ ಬರೀ ಸಿಹಿ ಕೆಂಪು ವೈನ್.

‘ಕೋಣೆಯ ಉಷ್ಣತೆ’ ಎಂದು ಮಾತ್ರ ಅಚ್ಚು ಹಾಕಬೇಡಿ! ಮೇ ತಿಂಗಳ ಕಲಬುರಗಿಯ ಕೋಣೆ ಅಂದರೆ ಏನು ಗೊತ್ತಲ್ಲ. ಕೆಂಪಿಗೆ 16–18 ಡಿಗ್ರಿ, ‘ಹರಿವಿ (ಮಣ್ಣಿನ ಕೊಡ) ನೀರಿಗಿಂತ ತುಸು ತಂಪು’ ಎನ್ನಿ. ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಕೆಂಪನ್ನು ಕಾಲು ತಾಸು, ಬಿಳಿಯನ್ನು ಅರ್ಧ ತಾಸು ಮುಳುಗಿಸಬೇಕು. ನೀರಿಲ್ಲದೆ ಬರೀ ಐಸ್ ಹಾಕಿದರೆ ನಡುವಿನ ಗಾಳಿಯಿಂದ ತಡವಾಗುತ್ತದೆ. ಬಿಸಿಲಿಗೆ ಕಾದ ಬಾಟಲಿಯಲ್ಲಿ ಬಿರಡೆ ಮೇಲಕ್ಕೆ ಉಬ್ಬಿರುತ್ತದೆ, ಅಂಥದ್ದನ್ನು ಒಯ್ಯಬಾರದು.

ಸೇರಿಕೆ (ಯಾದಗಿರಿ):
‘ಹುಳಿ’ಯಲ್ಲೂ ಒಂದು ಎಚ್ಚರ. ‘ಹುಳಿ ಐತಿ’ ಅಂದರೆ ಗುಣ, ‘ಹುಳಿ ಹಿಡದೈತಿ’ ಅಂದರೆ ವಿನೆಗರ್. ತೆರೆದ ಬಾಟಲಿಯನ್ನು ಮುಚ್ಚಿ, ಫ್ರಿಜ್ಜಿನಲ್ಲಿ ನಿಲ್ಲಿಸಿ, ಮೂರ್ನಾಲ್ಕು ದಿನದೊಳಗೆ ಮುಗಿಸಬೇಕು ಎಂಬ ಸಾಲಿನ ಪಕ್ಕದಲ್ಲೇ ಇದನ್ನು ಹಾಕ್ರಿ.