ಸಹಾಯ ಬೇಕು: ಬ್ರ್ಯಾಂಡ್ ಮುಚ್ಚುವಾಗ ಉಳಿದ ಕುರ್ತಾಗಳ ಜಿಎಸ್‌ಟಿ ಲೆಕ್ಕ

ಮುಂದಿನ ತಿಂಗಳು ಕಂಪನಿ ಕೆಲಸಕ್ಕೆ ಸೇರಬೇಕು, ಅಷ್ಟರೊಳಗೆ ಕುರ್ತಾ ಬ್ರ್ಯಾಂಡ್‌ನ ಜಿಎಸ್‌ಟಿ ನೋಂದಣಿ ರದ್ದು ಮಾಡಿಸಬೇಕು. ರದ್ದತಿಗೆ ಹಾಕೋ ಆರ್‌ಇಜಿ-16 ಅರ್ಜಿಯಲ್ಲಿ ಸ್ಟಾಕ್ ವಿವರದ ಹತ್ರ ಸಿಕ್ಕಿಹಾಕಿಕೊಂಡಿದ್ದೀನಿ. ಉಳಿದಿರೋದು ಸುಮಾರು 140 ಕುರ್ತಾ, ಹೆಚ್ಚಿನವು ಎಕ್ಸ್‌ಎಸ್ ಮತ್ತು 3ಎಕ್ಸ್‌ಎಲ್ (ಯಾವಾಗಲೂ ಕೊನೆಗೆ ಉಳಿಯೋದು ಈ ಸೈಜುಗಳೇ). ಸಗಟು ವ್ಯಾಪಾರಿಗಳನ್ನ ಕೇಳಿದೆ, ಬಟ್ಟೆ ಖರ್ಚೂ ಹುಟ್ಟದ ರೇಟು ಹೇಳ್ತಾರೆ.

ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 29(5)ರ ಪ್ರಕಾರ ಸ್ಟಾಕ್ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ (ಖರೀದಿ ಬಿಲ್‌ಗಳಲ್ಲಿ ಕಟ್ಟಿದ ಜಿಎಸ್‌ಟಿಯನ್ನ ನಮ್ಮ ತೆರಿಗೆಯಲ್ಲಿ ಕಳೆದುಕೊಂಡಿದ್ದು) ಅಥವಾ ಔಟ್‌ಪುಟ್ ತೆರಿಗೆ (ಆ ಸ್ಟಾಕ್ ಮಾರಿದ್ರೆ ಕಟ್ಟಬೇಕಾಗೋ ಜಿಎಸ್‌ಟಿ), ಯಾವುದು ಹೆಚ್ಚೋ ಅದನ್ನ ಕಟ್ಟಬೇಕು. ಬಟ್ಟೆ, ಗುಂಡಿ, ಲೈನಿಂಗ್ ಬಿಲ್‌ಗಳ ಕ್ರೆಡಿಟ್ ಲೆಕ್ಕ ಹಾಕಿಟ್ಟಿದ್ದೀನಿ.

ಗೊತ್ತಾಗದೇ ಇರೋದು ಇಷ್ಟು: ಔಟ್‌ಪುಟ್ ತೆರಿಗೆಯ 5% ಅನ್ನ ₹1,499 ಎಂಆರ್‌ಪಿ ಮೇಲೆ ಹಾಕಬೇಕಾ, ಈಗ ಸಿಗೋ ಸಗಟು ಬೆಲೆ ಮೇಲಾ? ಹೊಲಿಗೆ ಜಾಬ್‌ವರ್ಕ್ (ಹೊರಗೆ ಕೊಟ್ಟು ಮಾಡಿಸಿದ ಕೆಲಸ) ಬಿಲ್‌ಗಳ ಕ್ರೆಡಿಟ್ಟೂ ವಾಪಸ್ ಮಾಡಬೇಕಾ? ಜಿಎಸ್‌ಟಿಆರ್-10 (ನೋಂದಣಿ ರದ್ದಾದ ಮೇಲಿನ ಕೊನೆಯ ರಿಟರ್ನ್) ಸಲ್ಲಿಸಿರೋರು ದಯವಿಟ್ಟು ತಿಳಿಸಿ.